ನಾಲ್ಕೂ ಚಕ್ರಗಳು ಎಳೆಯುತ್ತವೆಯೇ?
ಎಟಿವಿಯ ಮುಂದಿನ ಡಿಫರೆನ್ಷಿಯಲ್ ಮತ್ತು ಫೋರ್ ವ್ಹೀಲ್ ಡ್ರೈವ್

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಕಾಮಾಕ್ಷಿಪಾಳ್ಯ ಸಿಗುತ್ತದೆ. ಇಲ್ಲಿನ ಅಡ್ಡರಸ್ತೆಗಳಲ್ಲಿ ಒಂದು ಅಂಗಡಿಯಷ್ಟೇ ಅಗಲದ ಸಣ್ಣ ಕಾರ್ಖಾನೆಗಳು ಸಾಲಾಗಿವೆ. ಒಂದರಲ್ಲಿ ಲೇತ್ ತಿರುಗುತ್ತಿದ್ದರೆ, ಪಕ್ಕದ್ದರಲ್ಲಿ ಗೇರಿಗೆ ಹಲ್ಲು ಕೊರೆಯುವ ಹಾಬಿಂಗ್ ಯಂತ್ರ, ಅದರಾಚೆ ಉಕ್ಕನ್ನು ಕಾಯಿಸಿ ಗಡುಸು ಮಾಡುವ ಕುಲುಮೆ. ಇಂಥ ಕಾರ್ಖಾನೆಗಳಿಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ನಕ್ಷೆ ಹಿಡಿದು ಬರುವುದುಂಟು. ಎಲ್ಲ ಬಗೆಯ ನೆಲದ ಮೇಲೆ ಓಡುವ ನಾಲ್ಕು ಚಕ್ರದ ಪುಟ್ಟ ವಾಹನ, ಅಂದರೆ ಎಟಿವಿ ಕಟ್ಟುವ ಸ್ಪರ್ಧೆಗಳು ಇದಕ್ಕೆ ಒಂದು ಕಾರಣ. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಹುಟ್ಟಿದ ಬಾಹಾ ಸ್ಪರ್ಧೆಯ ಭಾರತೀಯ ರೂಪ 2007ರಲ್ಲಿ ಆರಂಭವಾಯಿತು. ಅಮೆರಿಕದ ಸ್ಪರ್ಧೆಯಲ್ಲಿ 2023ರಿಂದ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಒದಗಿಸುವುದು ಕಡ್ಡಾಯವಾಗಿದೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟ ಮಾತ್ರಕ್ಕೆ ನಾಲ್ಕೂ ಎಳೆಯುತ್ತವೆಯೇ? ಮುಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರಬೇಕೆ, ಇದ್ದರೆ ಯಾವ ಬಗೆಯದು? ಈ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಗೇರ್ ಕೊರೆಸಿದರೆ ಹಣವೂ ವ್ಯರ್ಥ, ವಾಹನವೂ ಭಾರ. ಸವಾರನಿಗೆ ಅಪಾಯವೂ ಉಂಟು. ಉತ್ತರಕ್ಕೆ ಬೇಕಾಗಿರುವುದು ಪ್ರೌಢಶಾಲೆಯ ಗಣಿತ ಮತ್ತು ಘರ್ಷಣೆಯ ಪಾಠ, ಅಷ್ಟೆ.

ತಿರುವಿನ ಲೆಕ್ಕ

ವಾಹನ ತಿರುವಿನಲ್ಲಿ ಸಾಗುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನ ಚಕ್ರ ಕಡಿಮೆ ದೂರ ಕ್ರಮಿಸುತ್ತದೆ ಎಂಬುದು ನಿಮಗೆ ಗೊತ್ತು. ಎಷ್ಟು ವ್ಯತ್ಯಾಸ ಎಂಬುದನ್ನು ನೋಡೋಣ.

ಒಂದು ಎಟಿವಿಯಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 1.25 ಮೀಟರ್, ಎಡ ಮತ್ತು ಬಲ ಚಕ್ರಗಳ ನಡುವೆ 0.9 ಮೀಟರ್ ಅಂತರವಿದೆ ಎಂದುಕೊಳ್ಳಿ. ಹಿಂದಿನ ಅಚ್ಚಿನ ಮಧ್ಯಬಿಂದು 4 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಲಿ. ಆಗ ಹಿಂದಿನ ಒಳಚಕ್ರದ ತ್ರಿಜ್ಯ 3.55 ಮೀಟರ್, ಹೊರಚಕ್ರದ್ದು 4.45 ಮೀಟರ್. ಮುಂದಿನ ಚಕ್ರಗಳ ತ್ರಿಜ್ಯಕ್ಕೆ ಪೈಥಾಗೊರಸ್ ಪ್ರಮೇಯ ಬಳಸಿ. 3.55ರ ವರ್ಗಕ್ಕೆ 1.25ರ ವರ್ಗ ಸೇರಿಸಿ ವರ್ಗಮೂಲ ತೆಗೆದರೆ ಒಳಚಕ್ರಕ್ಕೆ 3.76 ಮೀಟರ್; ಅದೇ ರೀತಿ ಹೊರಚಕ್ರಕ್ಕೆ 4.62 ಮೀಟರ್.

ಕಾಲು ವೃತ್ತ ತಿರುಗುವಷ್ಟರಲ್ಲಿ ಮುಂದಿನ ಒಳಚಕ್ರ 5.91 ಮೀಟರ್, ಹೊರಚಕ್ರ 7.26 ಮೀಟರ್ ಸಾಗುತ್ತದೆ. ಚಕ್ರದ ಸುತ್ತಳತೆ 2 ಮೀಟರ್ ಆದರೆ ಒಳಚಕ್ರ 2.96 ಸುತ್ತು, ಹೊರಚಕ್ರ 3.63 ಸುತ್ತು ಉರುಳಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಇದು ಸಾಧ್ಯವಿಲ್ಲ. ಎರಡೂ ಸುಮಾರು 3.3 ಸುತ್ತು ತಿರುಗಿ, ಒಂದು 67 ಸೆಂಟಿಮೀಟರಿನಷ್ಟು ಮುಂದಕ್ಕೆ, ಇನ್ನೊಂದು ಅಷ್ಟೇ ಹಿಂದಕ್ಕೆ ಉಜ್ಜಿಕೊಂಡು ಹೋಗಬೇಕಾಗುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಮುಂದಿನ ಚಕ್ರಗಳ ಸರಾಸರಿ ತ್ರಿಜ್ಯ 4.19 ಮೀಟರ್, ಹಿಂದಿನವುಗಳದ್ದು 4 ಮೀಟರ್. ಅಂದರೆ ತಿರುವಿನಲ್ಲಿ ಮುಂದಿನ ಜೋಡಿ ಹಿಂದಿನ ಜೋಡಿಗಿಂತ ಸುಮಾರು ಶೇಕಡಾ 5ರಷ್ಟು ಬೇಗ ತಿರುಗಬೇಕು. ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಓಡಿಸುವವರು ಡಾಂಬರು ರಸ್ತೆಗೆ ಬಂದೊಡನೆ ಫೋರ್ ವ್ಹೀಲ್ ಗೇರನ್ನು ತೆಗೆಯುವುದು ಈ ಕಾರಣಕ್ಕೇ. ಅಂಥ ಜೀಪಿನಲ್ಲಿ ಆ ಗೇರು ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲಾಗದೆ ಶಾಫ್ಟುಗಳು ತಿರುಚಿಕೊಂಡು ಸ್ಟೀರಿಂಗ್ ಗಟ್ಟಿಯಾಗುತ್ತದೆ.

ಡಿಫರೆನ್ಷಿಯಲ್ ಎಂಬ ನೊಗ

ಎಡ ಬಲ ಚಕ್ರಗಳ ವೇಗದ ವ್ಯತ್ಯಾಸಕ್ಕೆ ಪರಿಹಾರವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲೇ ಇದನ್ನು ಉಗಿ ವಾಹನಕ್ಕಾಗಿ ರೂಪಿಸಿದ್ದನು. ಇಂದು ಕಾರಿನಲ್ಲಿರುವಂತೆ ನಮ್ಮ ಆಟೋರಿಕ್ಷಾದ ಹಿಂದಿನ ಚಕ್ರಗಳ ನಡುವೆಯೂ ಇದು ಇದೆ.

ಎಂಜಿನ್ನಿನಿಂದ ಬಂದ ಶಾಫ್ಟು ಒಂದು ದೊಡ್ಡ ಗೇರನ್ನು ತಿರುಗಿಸುತ್ತದೆ. ಇದು ಕ್ರೌನ್ ವ್ಹೀಲ್. ಇದಕ್ಕೆ ಬಿಗಿದ ಗೂಡಿನೊಳಗೆ ಅಡ್ಡಪಿನ್ನಿನ ಮೇಲೆ ಸ್ಪೈಡರ್ ಗೇರುಗಳೆಂಬ ಸಣ್ಣ ಬೆವೆಲ್ ಗೇರುಗಳಿರುತ್ತವೆ. ಅವುಗಳ ಎರಡೂ ಬದಿಗೆ ಕಚ್ಚಿಕೊಂಡ ಒಂದೊಂದು ಗೇರು ಎಡ ಮತ್ತು ಬಲ ಚಕ್ರಕ್ಕೆ ಹೋಗುತ್ತದೆ. ನೇರ ಹಾದಿಯಲ್ಲಿ ಎಲ್ಲವೂ ಒಟ್ಟಾಗಿ ತಿರುಗುತ್ತವೆ. ತಿರುವಿನಲ್ಲಿ ಸ್ಪೈಡರ್ ಗೇರುಗಳು ತಮ್ಮ ಸುತ್ತ ತಾವೂ ತಿರುಗಿ, ಒಂದು ಬದಿಯಿಂದ ಕಳೆದ ಸುತ್ತನ್ನು ಇನ್ನೊಂದು ಬದಿಗೆ ಸೇರಿಸುತ್ತವೆ. ಎರಡು ಚಕ್ರಗಳ ಸುತ್ತುಗಳ ಸರಾಸರಿ ಯಾವಾಗಲೂ ಗೂಡಿನ ಸುತ್ತಿಗೆ ಸಮ.

ಬಲದ ವಿಷಯದಲ್ಲಿ ಇದನ್ನು ಎತ್ತಿನ ನೊಗಕ್ಕೆ ಹೋಲಿಸಬಹುದು. ನಡುವೆ ಒಂದೇ ಕಡೆ ಕಟ್ಟಿದ, ಆಚೀಚೆ ತಿರುಗಬಲ್ಲ ನೊಗದ ಎರಡು ತುದಿಗಳಲ್ಲಿ ಎರಡು ಎತ್ತುಗಳು. ಒಂದು ಎತ್ತು ಎರಡು ಹೆಜ್ಜೆ ಮುಂದಿದ್ದರೆ ನೊಗ ಓರೆಯಾಗುತ್ತದೆ, ಎಳೆತ ನಿಲ್ಲುವುದಿಲ್ಲ. ಆದರೆ ಒಂದು ಎತ್ತು ಎಳೆಯುವುದನ್ನೇ ಬಿಟ್ಟರೆ? ಇನ್ನೊಂದು ಎಷ್ಟೇ ಬಲಶಾಲಿಯಾದರೂ ನೊಗ ತಿರುಗುತ್ತದೆಯೇ ಹೊರತು ನೇಗಿಲು ಮುಂದಕ್ಕೆ ಬರುವುದಿಲ್ಲ. ಸ್ಪೈಡರ್ ಗೇರು ಇಂಥದೇ ನೊಗ. ಅದು ಎರಡೂ ಚಕ್ರಗಳಿಗೆ ಸಮನಾದ ಟಾರ್ಕನ್ನು, ಅಂದರೆ ಸಮನಾದ ತಿರುಗಿಸುವ ಬಲವನ್ನು ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅದಕ್ಕೆ ಸಿಗುವಷ್ಟೇ ಅಲ್ಪ ಬಲ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ. ಈ ಸರಳ ರೂಪವೇ ಓಪನ್ ಡಿಫರೆನ್ಷಿಯಲ್.

ಏರಿನಲ್ಲಿ ಒಂದು ಪರೀಕ್ಷೆ

ಸವಾರನೂ ಸೇರಿ 400 ಕಿಲೋಗ್ರಾಂ ತೂಗುವ ಎಟಿವಿ 15 ಡಿಗ್ರಿ ಏರನ್ನು ಹತ್ತಬೇಕು. ಎಡಗಡೆಯ ಎರಡೂ ಚಕ್ರಗಳು ಕೆಸರಿನಲ್ಲಿವೆ, ಬಲಗಡೆಯ ಎರಡೂ ಗಟ್ಟಿ ಮಣ್ಣಿನ ಮೇಲಿವೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಒಟ್ಟು ಭಾರ 4000 ನ್ಯೂಟನ್, ಪ್ರತಿ ಚಕ್ರದ ಮೇಲೆ 1000 ನ್ಯೂಟನ್. ಕೆಸರಿನ ಘರ್ಷಣಾಂಕ 0.1, ಗಟ್ಟಿ ಮಣ್ಣಿನದು 0.6 ಆಗಿರಲಿ. ಕೆಸರಿನ ಚಕ್ರ ಹೆಚ್ಚೆಂದರೆ 100 ನ್ಯೂಟನ್, ಗಟ್ಟಿ ನೆಲದ ಚಕ್ರ 600 ನ್ಯೂಟನ್ ಬಲದಿಂದ ತಳ್ಳಬಲ್ಲದು. ಏರಿನಲ್ಲಿ ಹಿಂದಕ್ಕೆ ಎಳೆಯುವ ಬಲ 4000 × ಸೈನ್ 15 ಡಿಗ್ರಿ, ಅಂದರೆ 1035 ನ್ಯೂಟನ್. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದು ಮುಂತಾದ ಸೂಕ್ಷ್ಮಗಳನ್ನು ಸದ್ಯಕ್ಕೆ ಬಿಡೋಣ.

ಎಂಜಿನ್ನಿಗೆ ಇದು ಕಷ್ಟವೇ? ಭಾರತದ ಬಾಹಾ ಸ್ಪರ್ಧೆಯಲ್ಲಿ ಹಲವು ವರ್ಷ ಬಳಕೆಯಾದ 305 ಸಿಸಿ ಎಂಜಿನ್ನಿನದು 10 ಅಶ್ವಶಕ್ತಿ, ಅಂದರೆ ಸುಮಾರು 7460 ವಾಟ್. ಅದರ ಮೂರನೇ ಎರಡು ಭಾಗ ಚಕ್ರಗಳನ್ನು ತಲುಪಿದರೂ 1035 ನ್ಯೂಟನ್ ಎದುರು ಗಂಟೆಗೆ 17 ಕಿಲೋಮೀಟರ್ ವೇಗದಲ್ಲಿ ಹತ್ತಬಹುದು. ಹಾಗಾಗಿ ಇಲ್ಲಿ ಕೊರತೆ ಶಕ್ತಿಯದಲ್ಲ, ನೆಲದ ಹಿಡಿತದ್ದು. ಈಗ ಒಂದೊಂದೇ ವ್ಯವಸ್ಥೆಯನ್ನು ಪರೀಕ್ಷಿಸಿ.

ಒಂದು, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ, ನಡುವೆ ಓಪನ್ ಡಿಫರೆನ್ಷಿಯಲ್: 100 + 100 = 200 ನ್ಯೂಟನ್. ಹತ್ತುವುದಿಲ್ಲ.

ಎರಡು, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ, ಆದರೆ ಡಿಫರೆನ್ಷಿಯಲ್ ಇಲ್ಲದ ಒಂದೇ ಬಿಗಿ ಅಚ್ಚು: 100 + 600 = 700 ನ್ಯೂಟನ್. ಇದೂ ಸಾಲದು.

ಮೂರು, ನಾಲ್ಕು ಚಕ್ರಗಳಿಗೂ ಶಕ್ತಿ, ಹಿಂದೆ ಮುಂದೆ ಎರಡೂ ಕಡೆ ಓಪನ್ ಡಿಫರೆನ್ಷಿಯಲ್: 200 + 200 = 400 ನ್ಯೂಟನ್. ಈ ಫೋರ್ ವ್ಹೀಲ್ ಡ್ರೈವ್ ಎರಡನೆಯ ಟೂ ವ್ಹೀಲ್ ಡ್ರೈವ್‌ಗಿಂತ ದುರ್ಬಲ!

ನಾಲ್ಕು, ನಾಲ್ಕು ಚಕ್ರಗಳಿಗೂ ಶಕ್ತಿ, ಹಿಂದೆ ಬಿಗಿ ಅಚ್ಚು, ಮುಂದೆ ಓಪನ್ ಡಿಫರೆನ್ಷಿಯಲ್: 700 + 200 = 900 ನ್ಯೂಟನ್. ಇನ್ನೂ ಸಾಲದು.

ಐದು, ನಾಲ್ಕನೆಯದರಂತೆಯೇ, ಆದರೆ ಮುಂದಿನ ಡಿಫರೆನ್ಷಿಯಲ್‌ಗೆ ಬೀಗ ಹಾಕಿದೆ: 700 + 700 = 1400 ನ್ಯೂಟನ್. ಎಟಿವಿ ಏರನ್ನು ಹತ್ತುತ್ತದೆ.

ಎಷ್ಟು ಚಕ್ರಗಳಿಗೆ ಶಕ್ತಿ ಹೋಗುತ್ತದೆ ಎಂಬುದರಷ್ಟೇ, ಆ ಚಕ್ರಗಳ ನಡುವೆ ಏನಿದೆ ಎಂಬುದೂ ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಹಲವು ಎಟಿವಿಗಳಲ್ಲಿ ಹಿಂದೆ ಡಿಫರೆನ್ಷಿಯಲ್ಲೇ ಇರುವುದಿಲ್ಲ. ಕಡಿಮೆ ಗಾಳಿಯ ದಪ್ಪ ಟಯರುಗಳು ಮಣ್ಣಿನ ಮೇಲೆ ಸುಲಭವಾಗಿ ಜಾರುವುದರಿಂದ ಅಲ್ಲಿ ಬಿಗಿ ಅಚ್ಚು ನಡೆಯುತ್ತದೆ.

ಮುಂದಿನ ಚಕ್ರಗಳಿಗೆ ಏಕೆ ಬಿಗಿ ಅಚ್ಚು ಬೇಡ?

ಮುಂದಿನ ಚಕ್ರಗಳು ದಾರಿಯನ್ನೂ ತೋರಿಸಬೇಕು. ಅವನ್ನು ಒಂದಕ್ಕೊಂದು ಬಿಗಿದರೆ, ಹ್ಯಾಂಡಲ್ ತಿರುಗಿಸಿದರೂ ವಾಹನ ನೇರಕ್ಕೇ ಹೋಗಲು ನೋಡುತ್ತದೆ. ಕಲ್ಲು ತಗುಲಿದಾಗ ಹ್ಯಾಂಡಲ್ ಕೈಯನ್ನು ಜಗ್ಗುತ್ತದೆ. ಆದ್ದರಿಂದ ಮುಂದೆ ಬೇಕಾಗಿರುವುದು ತಿರುವಿನಲ್ಲಿ ಸಡಿಲವಾಗಿ, ಕೆಸರಿನಲ್ಲಿ ಬಿಗಿಯಾಗುವ ವ್ಯವಸ್ಥೆ. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಕೈಯಿಂದ ಹಾಕುವ ಬೀಗ, ಅಂದರೆ ಡಿಫ್ ಲಾಕ್. ಗುಂಡಿ ಒತ್ತಿದರೆ ಅಥವಾ ಸನ್ನೆ ಎಳೆದರೆ ಒಂದು ಹಲ್ಲಿನ ಕಾಲರ್ ಸರಿದು ಗೂಡನ್ನೂ ಒಂದು ಬದಿಯ ಗೇರನ್ನೂ ಕಚ್ಚಿ ಹಿಡಿಯುತ್ತದೆ. ಆಗ ಸ್ಪೈಡರ್ ಗೇರು ತಿರುಗುವಂತಿಲ್ಲ. ರೈತರಿಗೆ ಇದು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಡಿಫ್ ಲಾಕ್ ಪೆಡಲಾಗಿ ಪರಿಚಿತ. ಅಲ್ಲಿನ ನಿಯಮ ಇಲ್ಲಿಯೂ ಅನ್ವಯಿಸುತ್ತದೆ: ನೇರ ಹೋಗುವಾಗ ಮಾತ್ರ ಹಾಕಿ, ತಿರುಗಿಸುವ ಮೊದಲು ತೆಗೆಯಿರಿ.

ಎರಡನೆಯದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಳಗಿನ ಕ್ಲಚ್ ಫಲಕಗಳು ಅಥವಾ ಓರೆಹಲ್ಲಿನ ಗೇರುಗಳ ಘರ್ಷಣೆಯಿಂದ ಜಾರುವ ಚಕ್ರಕ್ಕಿಂತ ಹಿಡಿತವಿರುವ ಚಕ್ರಕ್ಕೆ ಕೆಲವು ಪಟ್ಟು ಹೆಚ್ಚು ಟಾರ್ಕ್ ಹೋಗುತ್ತದೆ. ಗೇರಿನ ಬಗೆಯಲ್ಲಿ ಈ ಅನುಪಾತ 3 ಎಂದುಕೊಂಡರೆ ಮುಂದಿನ ಜೋಡಿ 100 + 300 = 400 ನ್ಯೂಟನ್ ಕೊಡುತ್ತದೆ. ಒಟ್ಟು 1100, ನಮ್ಮ ಏರನ್ನು ಕಷ್ಟದಿಂದ ದಾಟಬಹುದು. ಆದರೆ ಮುಂದಿನ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ? ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಟ್ರ್ಯಾಕ್ಟರಿನಲ್ಲಿ ಜಾರುವ ಚಕ್ರದ ಬ್ರೇಕನ್ನು ಮಾತ್ರ ಮೆಲ್ಲಗೆ ತುಳಿಯುವ ಉಪಾಯದ ಮರ್ಮವೂ ಇದೇ. ಬ್ರೇಕು ಆ ಚಕ್ರಕ್ಕೆ ಕೃತಕ ಹಿಡಿತ ಕೊಡುತ್ತದೆ, ಅಷ್ಟೇ ಟಾರ್ಕ್ ಎದುರಿನ ಚಕ್ರಕ್ಕೂ ದೊರೆಯುತ್ತದೆ.

ಮೂರನೆಯದರಲ್ಲಿ ಸ್ಪೈಡರ್ ಗೇರುಗಳೇ ಇಲ್ಲ. ಅದರ ಬದಲು ಇಳಿಜಾರಾದ ತಗ್ಗುಗಳಲ್ಲಿ ಕುಳಿತ ಉರುಳೆಗಳ ಕ್ಲಚ್ ಇರುತ್ತದೆ. ಅಮೆರಿಕದ ಪೋಲಾರಿಸ್ ಎಟಿವಿಗಳು ಈ ಬಗೆಗೆ ಹೆಸರಾಗಿವೆ. ಸೈಕಲ್ಲಿನ ಫ್ರೀವ್ಹೀಲನ್ನು ನೆನಪಿಸಿಕೊಳ್ಳಿ. ಚಕ್ರ ಬೇಗ ತಿರುಗುತ್ತಿದ್ದರೆ ಪೆಡಲ್ ಅದನ್ನು ತಡೆಯುವುದಿಲ್ಲ, ಪೆಡಲ್ ಬೇಗವಾದಾಗ ಮಾತ್ರ ಕಚ್ಚಿಕೊಳ್ಳುತ್ತದೆ. ಇಲ್ಲಿ ಮುಂದಿನ ಕ್ರೌನ್ ವ್ಹೀಲನ್ನು ಬೇಕೆಂದೇ ಸ್ವಲ್ಪ ನಿಧಾನವಾಗಿ ತಿರುಗುವಂತೆ ಹಲ್ಲುಗಳ ಅನುಪಾತವನ್ನು ಇಡುತ್ತಾರೆ. ಹಾಗಾಗಿ ಸಾಮಾನ್ಯವಾಗಿ ಮುಂದಿನ ಚಕ್ರಗಳು ಸ್ವತಂತ್ರ. ಹಿಂದಿನ ಚಕ್ರ ಜಾರಿ ವಾಹನ ನಿಧಾನವಾದೊಡನೆ ಕ್ರೌನ್ ವ್ಹೀಲ್ ಮುಂದಿನ ಚಕ್ರಗಳ ವೇಗವನ್ನು ಮೀರುತ್ತದೆ. ಉರುಳೆಗಳು ತಗ್ಗಿನಲ್ಲಿ ಸಿಕ್ಕಿ ಎರಡೂ ಚಕ್ರಗಳನ್ನು ಹಿಡಿಯುತ್ತವೆ. ಇದರಲ್ಲಿ ತಿರುವಿನ ಶೇಕಡಾ 5ರ ವ್ಯತ್ಯಾಸದ ತೊಂದರೆಯೂ ಇಲ್ಲ. ಆದರೆ ಇಳಿಜಾರಿನಲ್ಲಿ ಇಳಿಯುವಾಗ ಮುಂದಿನ ಚಕ್ರಗಳಿಗೆ ಎಂಜಿನ್ನಿನ ತಡೆ ಸಿಗುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು.

ಯಾವುದನ್ನು ಆರಿಸಬೇಕು?

ಯಾವ ನೆಲದಲ್ಲಿ ಓಡಿಸುತ್ತೀರಿ ಎಂಬುದೇ ಇದನ್ನು ತೀರ್ಮಾನಿಸುತ್ತದೆ. ಒಣ ಬಯಲು, ಹೆಚ್ಚು ತಿರುವುಗಳಿದ್ದರೆ ಓಪನ್ ಡಿಫರೆನ್ಷಿಯಲ್ ಹಗುರ, ಅಗ್ಗ. ಅಪರೂಪಕ್ಕೆ ಆಳವಾದ ಕೆಸರು ಸಿಗುವುದಾದರೆ ಅದಕ್ಕೇ ಒಂದು ಬೀಗ ಸಾಕು. ಹಿಡಿತ ಕ್ಷಣಕ್ಷಣಕ್ಕೂ ಬದಲಾಗುವ ಕಾಡುದಾರಿಗೆ ತಾನಾಗಿ ಕಚ್ಚುವ ಕ್ಲಚ್ ಅನುಕೂಲ.

ಕಟ್ಟುವವರು ಇನ್ನೊಂದನ್ನು ಗಮನಿಸಬೇಕು. ಓಪನ್ ಡಿಫರೆನ್ಷಿಯಲ್‌ನಲ್ಲಿ ಪ್ರತಿ ಅಚ್ಚುಸರಳಿಗೆ ಟಾರ್ಕಿನ ಅರ್ಧ ಮಾತ್ರ ಹೋಗುತ್ತದೆ. ಬೀಗ ಹಾಕಿದಾಗ ಬಹುಪಾಲು ಟಾರ್ಕ್ ಒಂದೇ ಸರಳಿನ ಮೇಲೆ ಬೀಳಬಹುದು. ನಮ್ಮ ಉದಾಹರಣೆಯಲ್ಲೇ ಬಲಗಡೆಯ ಸರಳು ಎಡಗಡೆಯದಕ್ಕಿಂತ ಆರು ಪಟ್ಟು ಹೊರುತ್ತದೆ. ಹಾಗಾಗಿ ಬೀಗ ಅಳವಡಿಸುವ ಮೊದಲು ಸರಳುಗಳ ದಪ್ಪ, ಉಕ್ಕಿನ ಬಗೆ ಮತ್ತು ಗಡುಸು ಮಾಡುವ ಕ್ರಮವನ್ನು ಮರುಲೆಕ್ಕ ಮಾಡಿ. ಆಮೇಲೆ ನಕ್ಷೆಯನ್ನು ಕಾರ್ಖಾನೆಗೆ ಕೊಡಿ. ಎಟಿವಿಯನ್ನು ಡಾಂಬರು ರಸ್ತೆಗೆ ಒಯ್ಯಬೇಡಿ. ಜಾರಲಾರದ ಬಿಗಿ ಅಚ್ಚು ತಿರುವಿನಲ್ಲಿ ಅದನ್ನು ಮಗುಚಬಲ್ಲದು.

ನೀವೇ ಮಾಡಿ ನೋಡಿ

ಒಂದು ಅಡಿಕೋಲಿನ ನಟ್ಟನಡುವೆ ದಾರ ಕಟ್ಟಿ. ಎರಡೂ ತುದಿಗಳಿಗೆ, ನಡುವಿನಿಂದ ಸಮದೂರದಲ್ಲಿ, ಒಂದೊಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಡಿ. ಮೂರನೆಯವರು ದಾರವನ್ನು ಎದುರು ದಿಕ್ಕಿಗೆ ಎಳೆಯಲಿ. ಎರಡೂ ತಕ್ಕಡಿಗಳು ಒಂದೇ ಅಂಕಿ ತೋರಿಸುತ್ತವೆ. ಒಬ್ಬರು ಕೈ ಸಡಿಲಿಸಿದರೆ ಇನ್ನೊಬ್ಬರ ತಕ್ಕಡಿಯೂ ಇಳಿಯುತ್ತದೆ. ಇದು ಓಪನ್ ಡಿಫರೆನ್ಷಿಯಲ್. ಈಗ ಮೂರನೆಯವರು ದಾರ ಬಿಟ್ಟು, ಅಡಿಕೋಲಿನ ನಡುಭಾಗವನ್ನೇ ತಿರುಗದಂತೆ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಎಳೆಯಲಿ. ಒಂದು ತಕ್ಕಡಿ ಸಡಿಲವಾದರೂ ಇನ್ನೊಂದು ಹೆಚ್ಚು ಅಂಕಿ ತೋರಿಸಬಲ್ಲದು. ಇದು ಬೀಗ ಹಾಕಿದ ಡಿಫರೆನ್ಷಿಯಲ್. ಹಿಡಿದ ಕೈಗೆ ತಿರುಚಿದ ಅನುಭವವಾಗುತ್ತದೆಯಲ್ಲವೆ? ಬೀಗದ ಹಲ್ಲುಗಳು ತಡೆದುಕೊಳ್ಳಬೇಕಾದದ್ದು ಅದನ್ನೇ.

ಕೊನೆಗೆ ತರಗತಿಗೆ ಎರಡು ಪ್ರಶ್ನೆಗಳು. ಐದನೆಯ ವ್ಯವಸ್ಥೆಯಲ್ಲಿ ಬಲಗಡೆಯ ಚಕ್ರಗಳು ಒಟ್ಟು 1200, ಎಡಗಡೆಯವು 200 ನ್ಯೂಟನ್ ಬಲದಿಂದ ತಳ್ಳುತ್ತವೆ. ಎಟಿವಿ ಯಾವ ಕಡೆಗೆ ವಾಲಿಕೊಂಡು ಹೋಗಲು ನೋಡುತ್ತದೆ? ಎಡಗಡೆಯ ಕೆಸರಿನ ಘರ್ಷಣಾಂಕ 0.2 ಆದರೆ ಐದರಲ್ಲಿ ಯಾವ ಯಾವ ವ್ಯವಸ್ಥೆಗಳು ಏರನ್ನು ಹತ್ತಬಲ್ಲವು?