ಚೈನು ಬಿಗಿದ ಮೇಲೆ ಕೆಟ್ಟ ಬ್ರೇಕ್ ಲೈಟು

ಮನೆಯಲ್ಲೇ ಚೈನು ಬಿಗಿ ಮಾಡಿದವರು, ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ ಬದಲಿಸಿದವರು ಬೈಕನ್ನು ರಸ್ತೆಗಿಳಿಸುವ ಮುನ್ನ ಬ್ರೇಕು ಹಿಡಿಯುತ್ತದೆಯೇ, ಚಕ್ರ ಅಲ್ಲಾಡುತ್ತದೆಯೇ ಎಂದು ನೋಡುತ್ತಾರೆ. ಹಿಂದಿನ ಕೆಂಪು ದೀಪವನ್ನು ಬಗ್ಗಿ ನೋಡುವವರು ಕಡಿಮೆ. ಸವಾರನ ಕಣ್ಣಿಗೆ ಅದು ಬೀಳುವುದೂ ಇಲ್ಲ. ಅದನ್ನು ನಂಬಿಕೊಂಡು ಬರುವವನು ಹಿಂದಿನ ಲಾರಿಯವನು, ಬಸ್ಸಿನವನು. ಸಿಗ್ನಲ್ಲಿನಲ್ಲಿ ಯಾರಾದರೂ ‘ನಿಮ್ಮ ಬ್ರೇಕ್ ಲೈಟು ಉರೀತಾನೇ ಇದೆ’ ಎಂದು ಕೂಗಿ ಹೇಳುವವರೆಗೂ ವಿಷಯ ಗೊತ್ತಾಗುವುದಿಲ್ಲ.

ತೊಂದರೆ ರಿಪೇರಿ ಆದ ಮೇಲೆಯೇ ಶುರುವಾಗಿದ್ದರೆ, ದಯವಿಟ್ಟು ಹೊಸ ಸ್ವಿಚ್ಚು ತರಲು ಅಂಗಡಿಗೆ ಓಡಬೇಡಿ. ನಿನ್ನೆಯವರೆಗೆ ಸರಿಯಿದ್ದ ಭಾಗ ಅದೇ ದಿನ ತಾನಾಗಿ ಕೆಡುವುದು ಅಪರೂಪ. ಸ್ಪ್ಯಾನರು ಆಡಿದ ಜಾಗದಲ್ಲಿ, ಕೈ ತಗಲಿ ಎಳೆದುಹೋದ ವೈರಿನಲ್ಲಿ, ಮರಳಿ ಸಿಕ್ಕಿಸಲು ಮರೆತ ಸ್ಪ್ರಿಂಗಿನಲ್ಲಿ ದೋಷ ಕೂತಿರುವ ಸಂಭವವೇ ಹೆಚ್ಚು. ಏನೇನು ಬಿಚ್ಚಿದಿರಿ ಎಂಬುದನ್ನು ಕ್ರಮವಾಗಿ ನೆನಪಿಸಿಕೊಳ್ಳುವುದರಿಂದಲೇ ಹುಡುಕಾಟ ಆರಂಭವಾಗಲಿ.

ಬ್ರೇಕ್ ಲೈಟಿನ ವ್ಯವಸ್ಥೆ ಸರಳವಾದದ್ದು. ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಫ್ಯೂಸು ದಾಟಿ ಎರಡು ಸ್ವಿಚ್ಚುಗಳಿಗೆ ಬರುತ್ತದೆ. ಒಂದು ಹ್ಯಾಂಡಲಿನ ಬ್ರೇಕ್ ಲಿವರಿನ ಬುಡದಲ್ಲಿ, ಇನ್ನೊಂದು ಬಲಗಾಲಿನ ಪೆಡಲಿನ ಹತ್ತಿರ. ಎರಡರಿಂದಲೂ ಹೊರಡುವ ವೈರು ಒಂದಾಗಿ ಹಿಂದಿನ ಬಲ್ಬಿಗೆ ಹೋಗುತ್ತದೆ, ಅಲ್ಲಿಂದ ಅರ್ತಿಂಗ್ ಮೂಲಕ ಬ್ಯಾಟರಿಗೆ ಮರಳುತ್ತದೆ. ಎರಡು ಬಾಗಿಲಿನ ಮನೆ ಇದ್ದ ಹಾಗೆ: ಯಾವ ಬಾಗಿಲು ತೆರೆದರೂ ಒಳಗೆ ಬರಬಹುದು, ಯಾವ ಬಾಗಿಲು ಮುಚ್ಚದೆ ಉಳಿದರೂ ಮನೆ ತೆರೆದೇ ಇರುತ್ತದೆ.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಲಿವರ್ ಹಿಡಿದಾಗ ದೀಪ ಹತ್ತಿ, ಪೆಡಲು ಒತ್ತಿದಾಗ ಹತ್ತದಿದ್ದರೆ ಬಲ್ಬು, ಫ್ಯೂಸು, ಅರ್ತಿಂಗ್ ಎಲ್ಲವೂ ಸರಿಯಿವೆ ಎಂದಾಯಿತು. ಪೆಡಲಿನ ಸ್ವಿಚ್ಚನ್ನಷ್ಟೇ ನೋಡಿದರೆ ಸಾಕು. ಎರಡರಿಂದಲೂ ಹತ್ತದಿದ್ದರೆ ಎರಡಕ್ಕೂ ಸಮಾನವಾದ ಭಾಗದಲ್ಲಿ ದೋಷವಿದೆ. ಎರಡು ಸ್ವಿಚ್ಚುಗಳು ಒಂದೇ ದಿನ ಕೆಡುವುದು ಬಹಳ ವಿರಳ.

ದೀಪ ಸದಾ ಉರಿಯುತ್ತಿದ್ದರೆ ಕೀ ಆನ್ ಮಾಡಿ, ಮೊದಲು ಲಿವರನ್ನು ಹ್ಯಾಂಡಲಿನಿಂದ ದೂರಕ್ಕೆ ತಳ್ಳಿ. ಆರಿದರೆ ದೋಷ ಮುಂದಿನದು: ಲಿವರ್ ಪೂರ್ತಿ ಹಿಂದಿರುಗುತ್ತಿಲ್ಲ ಅಥವಾ ಅದರ ಬುಡದ ಪುಟ್ಟ ಗುಂಡಿ ಗ್ರೀಸು-ಮಣ್ಣಿನಲ್ಲಿ ಸಿಕ್ಕಿಕೊಂಡಿದೆ. ಈ ಸ್ವಿಚ್ಚಿನ ಸ್ವಭಾವ ಉಲ್ಟಾ. ಲಿವರ್ ಗುಂಡಿಯನ್ನು ಅದುಮಿ ಹಿಡಿದಿರುವಷ್ಟು ಹೊತ್ತು ದೀಪ ಆರಿರುತ್ತದೆ. ಬೇರೆ ಕಂಪನಿಯ ಲಿವರ್ ಹಾಕಿ, ಅದರಲ್ಲಿ ಗುಂಡಿಯನ್ನು ಒತ್ತುವ ಉಬ್ಬು ಸರಿಯಾದ ಜಾಗದಲ್ಲಿಲ್ಲದಿದ್ದರೂ ಇದೇ ಗತಿ.

ಲಿವರಿನಿಂದ ಆರದಿದ್ದರೆ ಪೆಡಲನ್ನು ಕಾಲ್ಬೆರಳಿನಿಂದ ಮೇಲಕ್ಕೆ ಎತ್ತಿ. ಈಗ ಆರಿತೋ, ದೋಷ ಹಿಂದಿನದು. ಆದರೆ ಸ್ವಿಚ್ಚಿಗೆ ಕೈ ಹಾಕುವ ಮೊದಲು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲಿನಲ್ಲಿ ಹಿಂದಿನ ಚಕ್ರ ತಿರುಗಿಸಿ ನೋಡಿ. ಸದಾ ಉರಿಯುವ ಬ್ರೇಕ್ ಲೈಟು ಕೆಲವೊಮ್ಮೆ ನಿಜವನ್ನೇ ಹೇಳುತ್ತಿರುತ್ತದೆ: ಪೆಡಲು ಮೇಲೆ ಬಂದಿಲ್ಲ, ಶೂ ಡ್ರಮ್ಮಿಗೆ ಉಜ್ಜುತ್ತಿದೆ. ಪೆಡಲಿನ ರಿಟರ್ನ್ ಸ್ಪ್ರಿಂಗ್ ಕಳಚಿರಬಹುದು, ಪೆಡಲಿನ ಕೀಲು ಒಣಗಿ ಬಿಗಿದಿರಬಹುದು. ಹಾಗಿದ್ದಾಗ ಸ್ವಿಚ್ಚನ್ನು ತಿರುಗಿಸಿ ದೀಪ ಆರಿಸಿಬಿಡುವುದು ಅಪಾಯದ ಕೆಲಸ. ದೀಪ ಆರುತ್ತದೆ, ಉಜ್ಜುವುದು ಮುಂದುವರಿಯುತ್ತದೆ, ಡ್ರಮ್ಮು ಕಾಯುತ್ತದೆ.

ಚೈನು ಬಿಗಿದಾಗ ಆಗುವ ಬದಲಾವಣೆ ಬೇರೆಯದು. ಚಕ್ರ ಹಿಂದಕ್ಕೆ ಸರಿಯುತ್ತದೆ, ಬ್ರೇಕ್ ರಾಡಿನ ಉದ್ದ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಡ್ರಮ್ಮಿನ ಮೇಲಿನ ಆರ್ಮು ಎಳೆದಂತಾಗಿ ಪೆಡಲಿನ ಪ್ಲೇ ಕಡಿಮೆಯಾಗುತ್ತದೆ. ಪ್ಲೇ ಎಂದರೆ ಪೆಡಲು ಒತ್ತಿದಾಗ ಬ್ರೇಕು ಹಿಡಿಯುವವರೆಗೆ ಅದು ಸಡಿಲವಾಗಿ ಇಳಿಯುವ ದೂರ. ನಮ್ಮ ಅನೇಕ 100 ಸಿಸಿ ಬೈಕುಗಳಲ್ಲಿ ಇದು 20ರಿಂದ 30 ಮಿಲಿಮೀಟರ್ ಇರಬೇಕು. ನಿಮ್ಮ ಬೈಕಿನ ನಿಖರ ಅಳತೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಪ್ಲೇ ಕಡಿಮೆಯಾದರೆ ಬ್ರೇಕು ಮೊದಲು ಹಿಡಿದು ದೀಪ ಆಮೇಲೆ ಹತ್ತುತ್ತದೆ. ನೋಡುವವರಿಗೆ ಸ್ವಿಚ್ಚು ಕೆಟ್ಟಂತೆ ಕಾಣುತ್ತದೆ, ಕೆಟ್ಟಿರುವುದು ಹೊಂದಾಣಿಕೆ.

ಹೊಂದಿಸುವಾಗ ಕ್ರಮ ತಪ್ಪಬಾರದು. ಮೊದಲು ಪೆಡಲಿನ ಎತ್ತರ, ಆಮೇಲೆ ರಾಡಿನ ಹಿಂತುದಿಯ ನಟ್ಟಿನಿಂದ ಪ್ಲೇ, ಕೊನೆಗೆ ಸ್ವಿಚ್ಚು. ಹಿಂದುಮುಂದಾದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ. ರಾಡಿನ ನಟ್ಟಿನ ಮುಖದಲ್ಲಿ ಒಂದು ತಗ್ಗಿರುತ್ತದೆ. ಅದು ಆರ್ಮಿನ ಪಿನ್ನಿನ ಮೇಲೆ ಸರಿಯಾಗಿ ಕೂತಿರಬೇಕು. ಅಡ್ಡಡ್ಡ ಕೂತ ನಟ್ಟು ನಾಲ್ಕು ಸಲ ಬ್ರೇಕು ಒತ್ತುವಷ್ಟರಲ್ಲಿ ಜಾಗಕ್ಕೆ ಜಾರಿ, ಮಾಡಿದ ಅಳತೆ ವ್ಯರ್ಥವಾಗುತ್ತದೆ.

ಪೆಡಲಿನ ಸ್ವಿಚ್ಚನ್ನು ಹೊಂದಿಸಲು ಅದರ ಮೈಮೇಲಿನ ಪ್ಲಾಸ್ಟಿಕ್ ನಟ್ಟನ್ನಷ್ಟೇ ತಿರುಗಿಸಬೇಕು. ಸ್ವಿಚ್ಚಿನ ಮೈಯನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದಿರಿ. ಮೈಯೇ ತಿರುಗಿದರೆ ಒಳಗಿನ ವೈರು ಹೊಸೆದು ತುಂಡಾಗುತ್ತದೆ. ಸ್ಪ್ರಿಂಗು ಕೆಳಕ್ಕೆ ಎಳೆಯುವ ಜೋಡಣೆಯಲ್ಲಿ ಸ್ವಿಚ್ಚು ಮೇಲೇರಿದರೆ ದೀಪ ಬೇಗ ಹತ್ತುತ್ತದೆ, ಕೆಳಗಿಳಿದರೆ ತಡವಾಗುತ್ತದೆ. ಶೂ ಡ್ರಮ್ಮಿಗೆ ತಾಗುವ ತುಸು ಮೊದಲೇ ದೀಪ ಹತ್ತಬೇಕು. ತೀರಾ ಬೇಗ ಹತ್ತುವಂತೆ ಮಾಡಿದರೆ ರಸ್ತೆಯ ಗುಂಡಿಗಳಲ್ಲಿ ಪೆಡಲು ಅದುರಿದಾಗಲೆಲ್ಲ ದೀಪ ಮಿನುಗುತ್ತದೆ. ಹಿಂದಿನವನಿಗೆ ಆಗ ನಿಜವಾದ ಬ್ರೇಕು ಯಾವುದು ಎಂದೇ ತಿಳಿಯುವುದಿಲ್ಲ.

ಹೊಂದಾಣಿಕೆಗೆ ಬಗ್ಗದಿದ್ದರೆ ಸ್ವಿಚ್ಚಿನ ಎರಡೂ ವೈರು ಕಳಚಿ. ದೀಪ ಸದಾ ಉರಿಯುತ್ತಿದ್ದು ಈಗ ಆರಿದರೆ ಸ್ವಿಚ್ಚು ಒಳಗೇ ಅಂಟಿಕೊಂಡಿದೆ. ದೀಪ ಹತ್ತದ ಬೈಕಾದರೆ ಆ ಎರಡು ವೈರುಗಳನ್ನು ಒಂದಕ್ಕೊಂದು ಮುಟ್ಟಿಸಿ. ಹತ್ತಿದರೆ ಸ್ವಿಚ್ಚು ಸತ್ತಿದೆ, ಆಗ ಧೈರ್ಯವಾಗಿ ಹೊಸದು ಕೊಳ್ಳಬಹುದು. ಕರೆಂಟಿರುವ ವೈರು ಚಾಸಿಗೆ ತಾಗದಂತೆ ಎಚ್ಚರವಿರಲಿ, ತಾಗಿದರೆ ಫ್ಯೂಸು ಹೋಗುತ್ತದೆ.

ಲಿವರು, ಪೆಡಲು ಎರಡರಿಂದಲೂ ಹತ್ತದಿದ್ದರೆ ಮೊದಲು ಹಾರ್ನ್ ಒತ್ತಿ. ಹಾರ್ನ್, ಇಂಡಿಕೇಟರ್ ಸತ್ತಿದ್ದರೆ ಫ್ಯೂಸು ಅಥವಾ ಬ್ಯಾಟರಿ. ಹಳೆಯ ಅನೇಕ 100 ಸಿಸಿ ಬೈಕುಗಳಲ್ಲಿ ಟೇಲ್ ಲೈಟಿಗೆ ಕರೆಂಟು ಇಂಜಿನ್ನಿನ ಮ್ಯಾಗ್ನೆಟ್ಟಿನಿಂದ ನೇರವಾಗಿ ಬರುತ್ತದೆ, ಬ್ರೇಕ್ ಲೈಟಿಗೆ ಬ್ಯಾಟರಿಯಿಂದ. ಹಾಗಾಗಿ ಟೇಲ್ ಲೈಟು ಉರಿದರೂ ಬ್ಯಾಟರಿಯ ಕಡೆ ಸರಿಯಿದೆ ಎಂದು ಹೇಳಲಾಗದು.

ಹಾರ್ನ್ ಚೆನ್ನಾಗಿದ್ದರೆ ಬಲ್ಬು ತೆಗೆಯಿರಿ. ಸಾಮಾನ್ಯವಾಗಿ ಅದು 12 ವೋಲ್ಟಿನ, 21/5 ವಾಟಿನ ಬಲ್ಬು. ಒಂದೇ ಗಾಜಿನೊಳಗೆ ಎರಡು ತಂತಿಗಳು, 5 ವಾಟಿನದು ಟೇಲ್ ಲೈಟಿಗೆ, 21 ವಾಟಿನದು ಬ್ರೇಕಿಗೆ. ಒಂದು ಸುಟ್ಟು ಇನ್ನೊಂದು ಉರಿಯುತ್ತಿರಬಹುದು. ಬಲ್ಬಿನ ಪಕ್ಕದ ಎರಡು ಪಿನ್ನುಗಳು ಬೇರೆ ಬೇರೆ ಎತ್ತರದಲ್ಲಿರುವುದು ತಲೆಕೆಳಗು ಹಾಕಬಾರದೆಂದೇ. ಆದರೂ ಬಲವಂತವಾಗಿ ತಿರುಗಿಸಿ ಕೂರಿಸುವವರಿದ್ದಾರೆ. ಆಗ 21 ವಾಟು ಟೇಲ್ ಲೈಟಾಗಿ ಸದಾ ಉರಿಯುತ್ತದೆ, ಬ್ರೇಕು ಒತ್ತಿದಾಗ 5 ವಾಟು ಸೇರಿದರೆ ವ್ಯತ್ಯಾಸವೇ ಕಾಣುವುದಿಲ್ಲ.

ಹೋಲ್ಡರಿನ ತಳದ ಬಿಂದುಗಳಲ್ಲಿ ಕಿಲುಬು ಹಿಡಿದಿದ್ದರೆ ನಯವಾದ ಎಮರಿ ಪೇಪರಿನಿಂದ ಉಜ್ಜಿ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಬೈಕುಗಳಿಗೆ ಇದು ಮಾಮೂಲಿ ಕಾಯಿಲೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಕೆಟ್ಟ ಅರ್ತಿಂಗ್. ಬ್ರೇಕು ಒತ್ತಿದರೆ ದೀಪ ಮಂಕಾಗಿ ಹತ್ತುತ್ತದೆ, ಟೇಲ್ ಲೈಟು ಆರಿದಂತಾಗುತ್ತದೆ, ಕೆಲವೊಮ್ಮೆ ಮೀಟರಿನ ದೀಪವೂ ಜೊತೆಗೆ ಹತ್ತುತ್ತದೆ. ಮನೆಗೆ ಮರಳುವ ನೇರ ದಾರಿ ಮುಚ್ಚಿದಾಗ ಕರೆಂಟು ಬ್ರೇಕಿನ ತಂತಿಯಿಂದ ಟೇಲ್ ಲೈಟಿನ ತಂತಿಗೆ ನುಗ್ಗಿ, ಅಲ್ಲಿಂದ ಬೇರೆ ಬಲ್ಬುಗಳ ಮೂಲಕ ಅರ್ತಿಗೆ ಇಳಿಯುತ್ತದೆ. ಇಂಥ ವಿಚಿತ್ರ ಕಂಡಾಗ ಬ್ಯಾಟರಿಯ ನೆಗೆಟಿವ್‌ನಿಂದ ಹೋಲ್ಡರಿನ ಅರ್ತ್‌ಗೆ ಒಂದು ವೈರು ತಾತ್ಕಾಲಿಕವಾಗಿ ಕೊಟ್ಟು ನೋಡಿ. ದೀಪ ಪ್ರಖರವಾದರೆ ಉತ್ತರ ಸಿಕ್ಕಿತು. ಹೋಂಡಾ ಪದ್ಧತಿಯ ವೈರಿಂಗಿನಲ್ಲಿ ಹಸಿರು ವೈರು ಅರ್ತಿಂಗ್, ಹಸಿರಿನ ಮೇಲೆ ಹಳದಿ ಗೆರೆಯದು ಬ್ರೇಕ್ ಲೈಟಿನದು. ಬೇರೆ ಕಂಪನಿಗಳ ಬಣ್ಣ ಬೇರೆ ಇರಬಹುದು.

ಈ ಕೆಲಸಕ್ಕೆ ಮಲ್ಟಿಮೀಟರಿಗಿಂತ ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪನ್ನು ನಾನು ಹೆಚ್ಚು ನಂಬುತ್ತೇನೆ. ಕಿಲುಬು ಹಿಡಿದ ಸಂಧಿಯಲ್ಲೂ ಮೀಟರು 12 ವೋಲ್ಟ್ ತೋರಿಸಿಬಿಡುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟು ನಗಣ್ಯ. 21 ವಾಟಿನ ತಂತಿಗೆ ಬೇಕಾದದ್ದು ಒಂದೂಮುಕ್ಕಾಲು ಆಂಪಿಯರ್. ಅಷ್ಟನ್ನು ಆ ಸಂಧಿ ಸಾಗಿಸಬಲ್ಲದೇ ಎಂಬುದು ಬಲ್ಬು ಉರಿದಾಗಲೇ ಗೊತ್ತಾಗುವುದು. ಮೀಟರೇ ಇದ್ದರೆ, ಬಲ್ಬು ಹೋಲ್ಡರಿನಲ್ಲಿದ್ದು ಬ್ರೇಕು ಒತ್ತಿರುವಾಗ ಅಳೆಯಿರಿ.

ಡಿಸ್ಕ್ ಬ್ರೇಕಿನ ಕೆಲವು ಬೈಕುಗಳಲ್ಲಿ ಸ್ವಿಚ್ಚು ಆಯಿಲ್ ಪೈಪಿನ ಒತ್ತಡದಿಂದ ಕೆಲಸ ಮಾಡುತ್ತದೆ. ಬ್ರೇಕ್ ಆಯಿಲ್ ಬದಲಿಸಿದ ಮೇಲೆ ದೀಪ ತಡವಾಗಿ ಹತ್ತಿದರೆ, ಲಿವರೂ ಮೆತ್ತಗಿದ್ದರೆ, ಪೈಪಿನಲ್ಲಿ ಗಾಳಿ ಉಳಿದಿದೆ. ಆ ಬೈಕನ್ನು ಗಾಳಿ ತೆಗೆಯದೆ ಓಡಿಸಲೇಬೇಡಿ.

ಎಲ್ಲ ಸರಿಯಾಯಿತು ಅನ್ನಿಸಿದಾಗ ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎಡ-ಬಲಕ್ಕೆ ಪೂರ್ತಿ ತಿರುಗಿಸುತ್ತ ಲಿವರ್ ಹಿಡಿದು ನೋಡಿ, ಹಿಂದೆ ಒಬ್ಬರನ್ನು ಕೂರಿಸಿ ಪೆಡಲು ಒತ್ತಿ ನೋಡಿ. ಎಳೆದು ನಿಂತ ವೈರಿದ್ದರೆ ಆಗ ಸುಳಿವು ಕೊಡುತ್ತದೆ. ಒಬ್ಬರೇ ಇದ್ದರೆ ಮೊಬೈಲನ್ನು ಹಿಂದೆ ಇಟ್ಟು ವಿಡಿಯೊ ಮಾಡಿಕೊಳ್ಳಿ. ಒಂದೆರಡು ಕಿಲೋಮೀಟರ್ ಓಡಿಸಿ ಬಂದು ಹಿಂದಿನ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಅಷ್ಟಕ್ಕೇ ಕಾವು ಹೊಡೆಯುತ್ತಿದ್ದರೆ ರಾಡಿನ ನಟ್ಟನ್ನು ಸಡಿಲಿಸಿ, ಪ್ಲೇಯನ್ನು ಮತ್ತೆ ಅಳೆದು, ಸ್ವಿಚ್ಚನ್ನು ಮತ್ತೊಮ್ಮೆ ಹೊಂದಿಸಿ.