ಎರಡು ಪಂಪ್ ಬದಲಾದರೂ ನಿಲ್ಲುತ್ತಿದ್ದ ಕಾರು

ಹಳೆಯ ಪೆಟ್ರೋಲ್ ಕಾರು ಸಾಕಿದವರಿಗೆಲ್ಲ ಒಂದು ಸದ್ದು ಗೊತ್ತಿರುತ್ತದೆ. ಕೀಲಿಯನ್ನು ಆನ್ ಮಾಡಿ, ಇನ್ನೂ ಸೆಲ್ಫ್ ಹೊಡೆಯುವ ಮುನ್ನ, ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ‘ಝುಂಯ್’ ಎಂದು ಕೇಳಿಸಿ ನಿಲ್ಲುತ್ತದೆ. ಅದು ಫ್ಯೂಯೆಲ್ ಪಂಪ್. ಟ್ಯಾಂಕಿನ ಪೆಟ್ರೋಲಿನಲ್ಲೇ ಮುಳುಗಿ ಕೂತು ಎಂಜಿನ್‌ಗೆ ಒತ್ತಡದಲ್ಲಿ ಇಂಧನ ತಳ್ಳುವ ಪುಟ್ಟ ಮೋಟರ್. ಕಾರು ದಾರಿಯಲ್ಲಿ ನಿಂತರೆ ಹೆಚ್ಚಿನ ಗ್ಯಾರೇಜುಗಳಲ್ಲಿ ಮೊದಲ ಗುಮಾನಿ ಇದರ ಮೇಲೆಯೇ. ಆದರೆ ಗುಮಾನಿಯೇ ಸಾಕ್ಷಿಯಲ್ಲ.

ನನ್ನದು ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. ಸ್ಪೋರ್ಟ್ಸ್ ಕಾರು ಎಂದರೆ ನಗುವವರಿದ್ದಾರೆ, ನಗಲಿ. 2001ರಲ್ಲಿ ಇದು ಬಂದಾಗ ನಮ್ಮ ರಸ್ತೆಯ ಸಣ್ಣ ಕಾರುಗಳು 50–60 ಹಾರ್ಸ್‌ಪವರ್‌ನಲ್ಲೇ ತೃಪ್ತಿ ಪಡುತ್ತಿದ್ದವು. ಇದು ಸುಮಾರು 100 ಕೊಡುತ್ತಿತ್ತು. ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. ತಯಾರಾಗಿದ್ದು ಮುಂಬೈಯ ಕುರ್ಲಾದಲ್ಲಿ, ಪದ್ಮಿನಿ ಕಾರುಗಳು ಹೊರಬರುತ್ತಿದ್ದ ಅದೇ ಕಾರ್ಖಾನೆಯಲ್ಲಿ. ಹುಬ್ಬಳ್ಳಿಯ ನನ್ನ ಸೋದರಮಾವ ಇದನ್ನು ಮಗುವಿನಂತೆ ನೋಡಿಕೊಂಡರು. ಮೊಣಕಾಲು ನೋವು ಹೆಚ್ಚಾಗಿ ಕ್ಲಚ್ ತುಳಿಯುವುದು ಕಷ್ಟವಾದಾಗ, ಪುಣೆಯಲ್ಲಿರುವ ನನ್ನ ಕೈಗೆ ಕೀಲಿ ಕೊಟ್ಟರು. ಜೊತೆಗೆ ದಪ್ಪನೆಯ ಬಿಲ್ ಫೈಲು. ಕೊನೆಯ ಎರಡು ವರ್ಷದಲ್ಲಿ ಎರಡು ಹೊಸ ಫ್ಯೂಯೆಲ್ ಪಂಪ್, ಒಂದು ಇಗ್ನಿಷನ್ ಕಾಯಿಲ್. “ಆದರೂ ಒಮ್ಮೊಮ್ಮೆ ನಿಲ್ತದ, ನೋಡ್ಕೋ” ಎಂದಿದ್ದರು.

ನಿಲ್ಲುತ್ತಿದ್ದುದು ಎಲ್ಲಿ ಬೇಕೆಂದರಲ್ಲಿ ಅಲ್ಲ. ಪುಣೆಯ ಟ್ರಾಫಿಕ್‌ನಲ್ಲಿ ಏನೂ ಇಲ್ಲ. ಹೆದ್ದಾರಿಯ ಸಮತಟ್ಟಿನಲ್ಲಿ ಏನೂ ಇಲ್ಲ. ಊರಿಗೆ ಹೊರಟು ಗಂಟೆಯ ಮೇಲೆ ಓಡಿ ಬಿಸಿಯಾದ ಮೇಲೆ, ಸಾತಾರಾಕ್ಕೆ ಮೊದಲು ಸಿಗುವ ಖಂಬಾಟಕಿ ಘಾಟು ಏರುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ಶಕ್ತಿ ಕುಸಿದು, ಎರಡು ಸಲ ಕುಲುಕಿ, ಎಂಜಿನ್ ಆಫ್. ಹಿಂದೆ ಲಾರಿಗಳ ಸಾಲು, ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದವರಂತೆ ಹೊರಡುತ್ತಿತ್ತು. ಎರಡನೇ ಸಲ ಹಾಗಾದಾಗ ಹೆಂಡತಿ ಸಿಟ್ಟು ಮಾಡಲಿಲ್ಲ. “ಇನ್ನೊಂದ್ಸಲ ಘಾಟಿನ್ಯಾಗ ನಿಂತ್ರ ನಾನು, ಮಗಳು ಬಸ್ಸಿಗೆ ಬರ್ತೀವಿ. ನೀವು ಕಾರಿನ ಜೋಡಿ ಬರ್ರಿ” ಎಂದಳು ಅಷ್ಟೆ. ಆ ಹೊತ್ತಿಗೇ ಗುಜರಿಯವನೊಬ್ಬ ಫೋನ್ ನಂಬರ್ ಕೊಟ್ಟು ಹೋಗಿದ್ದ.

ಸಾಫ್ಟ್‌ವೇರ್‌ನಲ್ಲಿ ನಮಗೆ ಇಂಥ ದೋಷ ಹೊಸತಲ್ಲ. ಟೆಸ್ಟ್ ಸರ್ವರ್‌ನಲ್ಲಿ ಎಲ್ಲ ಸರಿ, ಹಬ್ಬದ ದಿನ ಗ್ರಾಹಕರು ಮುಗಿಬಿದ್ದಾಗ ಮಾತ್ರ ಕುಸಿತ. ಇಂಥ ದೋಷವನ್ನು ಹೊರೆ ಇಲ್ಲದಾಗ ಹುಡುಕಿದರೆ ಸಿಗುವುದಿಲ್ಲ. ಇದನ್ನು ಕಾರಿನ ಭಾಷೆಯಲ್ಲಿ ನನಗೆ ಹೇಳಿಕೊಟ್ಟವರು ಕಾತ್ರಜ್ ಹತ್ತಿರ ಸಣ್ಣ ಶೆಡ್ ಇಟ್ಟುಕೊಂಡಿರುವ ಮಿಸ್ತ್ರಿ ಕಾಕಾ. ಮೂಲ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನನ್ನ ಕಾರಿನ ಕೆಎ ನಂಬರ್ ಪ್ಲೇಟ್ ನೋಡಿ ಕನ್ನಡದಲ್ಲೇ ಮಾತಿಗಿಳಿದರು. ಫೈಲು ತಿರುವಿ ಹಾಕಿ, “ಎರಡು ಪಂಪ್ ಹಾಕ್ಯಾರ. ಪಂಪಿಗೆ ಕರೆಂಟ್ ಎಷ್ಟು ಬರ್ತದ ಅಂತ ಒಬ್ರೂ ಬರದಿಲ್ಲ ನೋಡ್ರಿ ಸರ” ಎಂದರು.

ಅವರು ಹೋದ ಕ್ರಮ ಹೀಗಿತ್ತು. ಮೊದಲು ಕಿವಿ. ಕೀಲಿ ಆನ್ ಮಾಡಿದಾಗ ಪಂಪಿನ ಸದ್ದು ಕೇಳುತ್ತದೆಯೇ? ಕೇಳದಿದ್ದರೆ ಫ್ಯೂಸ್, ರಿಲೇ ನೋಡಬೇಕು. ಅದೇ ಅಳತೆಯ ಇನ್ನೊಂದು ರಿಲೇ ಕಾರಿನಲ್ಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಬಿಟ್ಟಿ ಪರೀಕ್ಷೆ. ಇಂಥ ಫಿಯೆಟ್‌ಗಳಲ್ಲಿ ಅಪಘಾತವಾದಾಗ ಪಂಪನ್ನು ತಾನೇ ಬಂದ್ ಮಾಡುವ ಇನರ್ಷಿಯಾ ಸ್ವಿಚ್ ಇರುತ್ತದೆ. ಜೋರಾಗಿ ಗುಂಡಿಗೆ ಬಿದ್ದರೂ ಅದು ಹಾರಬಹುದು. ಪೆಟ್ರೋಲ್ ಸೋರಿಲ್ಲ ಎಂದು ಖಚಿತಪಡಿಸಿಕೊಂಡು ಬಟನ್ ಒತ್ತಿದರೆ ಸಾಕು. ನನ್ನ ಕಾರಿನಲ್ಲಿ ಸದ್ದು ಸರಿಯಾಗಿಯೇ ಇತ್ತು. ಈ ಮೂರೂ ಪಟ್ಟಿಯಿಂದ ಹೊರಗೆ.

ಎರಡನೆಯದು ಒತ್ತಡ. ಇಂಜೆಕ್ಷನ್ ಇರುವ ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಬೇಕು. ನಿಮ್ಮ ಕಾರಿಗೆ ಎಷ್ಟೆಂಬುದು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಶೆಡ್ಡಿನಲ್ಲಿ ಗೇಜ್ ಹಾಕಿದಾಗ ಮುಳ್ಳು ಸರಿಯಾದ ಜಾಗದಲ್ಲೇ ನಿಂತಿತು. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ನಿಂತ ಕಾರಿನ ಎಂಜಿನ್ ಕುಡಿಯುವ ಪೆಟ್ರೋಲ್ ತೀರ ಕಡಿಮೆ. ಅರ್ಧ ಶಕ್ತಿಯ ಪಂಪ್ ಕೂಡ ಅಷ್ಟನ್ನು ಪೂರೈಸಿ ಒತ್ತಡ ಕಾಪಾಡುತ್ತದೆ. ಘಾಟು ಏರುವಾಗ ಬೇಡಿಕೆ ಹಲವು ಪಟ್ಟು ಏರುತ್ತದೆ. ಬಣ್ಣ ಬಯಲಾಗುವುದು ಆಗ.

ಮೂರನೆಯದು ಕರೆಂಟ್. “ಕಾರು ನಿಂತಾಗ ಅಲ್ರಿ, ಓಡೂಮುಂದ ನೋಡಬೇಕು” ಎಂದ ಕಾಕಾ, ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರ್‌ನಿಂದ ಫ್ಯೂಸ್ ಹಾಕಿದ ಎರಡು ಉದ್ದನೆಯ ವೈರ್ ಎಳೆದು ಮಲ್ಟಿಮೀಟರ್‌ಗೆ ಜೋಡಿಸಿದರು. ಪೆಟ್ರೋಲ್ ಗೇಜನ್ನು ಮಾತ್ರ ಕಾರಿನೊಳಗೆ ತರಲು ಬಿಡಲಿಲ್ಲ. ಪೈಪ್ ಕಳಚಿದರೆ ಕುಳಿತವರ ಮೈಮೇಲೆ ಪೆಟ್ರೋಲ್. ನಾನು ಸ್ಟಿಯರಿಂಗ್ ಹಿಡಿದೆ, ಅವರು ಮೀಟರ್ ಹಿಡಿದರು. ಒಂದು ಗಂಟೆ ಊರು ಸುತ್ತಿಸಿ ಬಿಸಿ ಮಾಡಿ, ಹಳೆಯ ಕಾತ್ರಜ್ ಘಾಟಿಗೆ ಹತ್ತಿಸಿದೆವು.

ಹೊರಡುವಾಗ ಪಂಪಿನ ಬಳಿ 13 ವೋಲ್ಟ್ ಚಿಲ್ಲರೆ ಇತ್ತು. ಬಿಸಿಯಾದಂತೆ 12.4. ಏರಿನಲ್ಲಿ 11.1. ಅದೇ ಹೊತ್ತಿಗೆ ಕಾರು ಕುಲುಕಿತು. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಬ್ಯಾಟರಿಯಲ್ಲಿ ಅಳೆದರೆ ಅಲ್ಲಿ 13.6. ಎರಡೂವರೆ ವೋಲ್ಟ್ ದಾರಿಯಲ್ಲೇ ಮಾಯ! ಎಲ್ಲಿ ಎಂದು ಹುಡುಕುವುದು ಸುಲಭ. ಮೀಟರ್‌ನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಪಂಪಿನ ಅರ್ತ್ ವೈರ್‌ಗೆ. ಎರಡೂ ಒಂದೇ ಆಗಿದ್ದರೆ ಮೀಟರ್ ಹತ್ತಿರ ಹತ್ತಿರ ಸೊನ್ನೆ ತೋರಿಸಬೇಕು. ತೋರಿಸಿದ್ದು 2.1.

ಅರ್ತ್ ವೈರ್ ಬಾಡಿಗೆ ಸೇರುವ ಬೋಲ್ಟ್ ಕಾರ್ಪೆಟ್ ಅಡಿಯಲ್ಲಿತ್ತು. ಎಂದೋ ಮಳೆನೀರು ಇಳಿದು ಟರ್ಮಿನಲ್ ಹಸಿರುಗಟ್ಟಿ, ಕೆಳಗಿನ ತಗಡು ತುಕ್ಕು ಹಿಡಿದಿತ್ತು. ಪಂಪ್ ಸುಮಾರು 5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಆ ತುಕ್ಕಿನಲ್ಲಿ ಅರ್ಧ ಓಮ್ ತಡೆ ಇದ್ದರೂ ಎರಡೂವರೆ ವೋಲ್ಟ್ ನುಂಗಿಹೋಗುತ್ತದೆ. ನುಂಗಿದ್ದು ಶಾಖವಾಗುತ್ತದೆ, ಶಾಖಕ್ಕೆ ಜೋಡಣೆ ಇನ್ನಷ್ಟು ಕೆಡುತ್ತದೆ. ಇಪ್ಪತ್ತು ನಿಮಿಷ ತಣ್ಣಗಾದರೆ ಮತ್ತೆ ಸರಿ. ಮೂರು ವರ್ಷದ ಒಗಟಿಗೆ ಉತ್ತರ ಒಂದೇ ಬೋಲ್ಟ್. ಅದನ್ನು ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ, ಸ್ವಲ್ಪ ದಪ್ಪನೆಯ ವೈರ್ ಹಾಕಿ, ಗ್ರೀಸ್ ಸವರಿದರು. ಸಾಮಾನಿಗೆ ನೂರು ರೂಪಾಯಿಯೊಳಗೆ. ಕೂಲಿ ಎಂಟುನೂರು. ಫೈಲಿನಲ್ಲಿದ್ದ ಎರಡು ಪಂಪ್‌ಗಳ ಬಿಲ್ಲು ಹನ್ನೊಂದು ಸಾವಿರ ದಾಟಿತ್ತು. ಮಾವನಿಗೆ ಫೋನ್ ಮಾಡಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಗಾಡಿದು ತಪ್ಪಿರಲಿಲ್ಲ” ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತು.

ಎಲ್ಲ ಪಂಪ್ ದೂರುಗಳೂ ಅರ್ತ್‌ನಲ್ಲೇ ಮುಗಿಯುವುದಿಲ್ಲ. ಪಂಪಿಗೆ ಪೂರ್ತಿ ವೋಲ್ಟೇಜ್ ಸಿಕ್ಕಿಯೂ ಒತ್ತಡ ಬೀಳುತ್ತಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಪ್ರೆಷರ್ ರೆಗ್ಯುಲೇಟರ್, ಕೊನೆಗೆ ಪಂಪ್. ಈಗ ಇನ್ನೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲ್ ಇಂದು ದೇಶದ ಬಂಕುಗಳಲ್ಲೆಲ್ಲ ಇದೆ. ಅದರ ಎಥೆನಾಲ್ ನೀರಿನಂಶ ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಸಡಿಲಿಸಿ ಜಾಲರಿಗೆ ತರುತ್ತದೆ, ಹಳೆಯ ರಬ್ಬರ್ ಪೈಪುಗಳಿಗೂ ಆಗಿಬರುವುದಿಲ್ಲ. ಇಪ್ಪತ್ತು ವರ್ಷದ ಕಾರಿನಲ್ಲಿ ಪೈಪುಗಳನ್ನು ಒಮ್ಮೆ ಮುಟ್ಟಿ, ಮೂಸಿ ನೋಡುವುದು ಒಳ್ಳೆಯದು. ಟ್ಯಾಂಕನ್ನು ಕಾಲುಭಾಗಕ್ಕಿಂತ ಕೆಳಗಿಳಿಸಬೇಡಿ, ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ.

ಕೈ ಹಾಕುವವರಿಗೆ ಎಚ್ಚರಿಕೆ. ಪೈಪ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿ ಕಳಚಿ. ಬಯಲಿನಲ್ಲಿ ಕೆಲಸ ಮಾಡಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಅಭ್ಯಾಸವಿಲ್ಲದಿದ್ದರೆ ಮಿಸ್ತ್ರಿಗೇ ಬಿಡಿ. ಆದರೆ “ಓಡುವಾಗ ಪಂಪಿಗೆ ಎಷ್ಟು ವೋಲ್ಟ್ ಬರುತ್ತಿದೆ?” ಎಂದು ಕೇಳಿಯೇ ಬಿಡಿ. ಆ ಪ್ರಶ್ನೆಗೆ ಉತ್ತರ ಹುಡುಕುವ ಗ್ಯಾರೇಜು ನಿಮ್ಮದು. ಪ್ರಶ್ನೆಗೇ ಮುಖ ಸಿಂಡರಿಸಿ ಹೊಸ ಪಂಪಿನ ಬೆಲೆ ಹೇಳುವುದು ಅಲ್ಲ.

ಅದಾದ ಮೇಲೆ ದೀಪಾವಳಿ, ಸಂಕ್ರಾಂತಿ, ಯುಗಾದಿ ಮೂರಕ್ಕೂ ಧಾರವಾಡಕ್ಕೆ ಹೋಗಿಬಂದೆವು. ಗುಜರಿಯವನ ನಂಬರ್ ಅಳಿಸಿದ್ದೇನೆ. ಮಿಸ್ತ್ರಿ ಕಾಕಾನದು ಸ್ಪೀಡ್ ಡಯಲ್‌ನಲ್ಲಿದೆ.