ಕೋಲಾರ ಲೋಕಸಭಾ ಕ್ಷೇತ್ರ: ಏಳು ದಶಕಗಳ ಮತದಾನದ ಇತಿಹಾಸ

ಒಂದು ನಾಡಿನ ರಾಜಕೀಯ ಇತಿಹಾಸವನ್ನು ರಾಜಧಾನಿಯ ಘಟನೆಗಳಿಂದ ಮಾತ್ರ ಅಳೆಯುವುದು ಸಾಮಾನ್ಯ ರೂಢಿ. ಆದರೆ ಪ್ರಜಾಪ್ರಭುತ್ವದ ನಿಜವಾದ ನಾಡಿಮಿಡಿತವು ಕೇಳಿಬರುವುದು ಮತಗಟ್ಟೆಯಲ್ಲಿ. ಆ ಮತಗಟ್ಟೆಯಾದರೋ ಬಹುಪಾಲು ಒಂದು ಶಾಲೆಯ ಕೊಠಡಿ. ಅಲ್ಲಿ ಕುಳಿತು ಮತದಾರನ ಬೆರಳಿಗೆ ಶಾಯಿ ಹಚ್ಚುವವರು ಬಹುಪಾಲು ಶಾಲೆಯ ಉಪಾಧ್ಯಾಯರು. ಆದಕಾರಣ ಒಂದು ಲೋಕಸಭಾ ಕ್ಷೇತ್ರದ ಚುನಾವಣಾ ಚರಿತ್ರೆಯು ವಿದ್ಯಾಸಂಸ್ಥೆಗಳಿಗೆ ಹೊರಗಿನ ವಿಷಯವೇನೂ ಅಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮುಂತಾದ ತಾಲ್ಲೂಕುಗಳನ್ನೊಳಗೊಂಡ ಕೋಲಾರ ಕ್ಷೇತ್ರವು 1952ರಿಂದ 2024ರವರೆಗೆ ನಡೆದುಬಂದ ದಾರಿಯನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ಪ್ರಾತಿನಿಧ್ಯವೆಂಬ ಕಲ್ಪನೆ ಹಳೆಯ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಹೊಸದಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಹುಟ್ಟಿತು. ಆದರೆ ಆಗ ಮತದ ಹಕ್ಕು ಆಸ್ತಿವಂತರಿಗೂ ವಿದ್ಯಾವಂತರಿಗೂ ಸೀಮಿತವಾಗಿದ್ದಿತು. ಕೂಲಿಯವನಿಗೂ ಜಮೀನ್ದಾರನಿಗೂ ಒಂದೇ ಬೆಲೆಯ ಮತ ದೊರೆತದ್ದು ಸಂವಿಧಾನವು ಜಾರಿಗೆ ಬಂದ ಮೇಲೆಯೇ.

ಆ ಸಂವಿಧಾನದ ರಚನೆಯಲ್ಲಿ ಕೋಲಾರ ಜಿಲ್ಲೆಯ ಪಾಲೂ ಉಂಟು. ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರೂ, ಕೋಲಾರದ ರಂಗಮಂದಿರಕ್ಕೆ ಇಂದು ಯಾರ ಹೆಸರಿದೆಯೋ ಆ ಟಿ. ಚನ್ನಯ್ಯನವರೂ ಮೈಸೂರಿನ ಪ್ರತಿನಿಧಿಗಳಾಗಿ ಸಂವಿಧಾನ ರಚನಾ ಸಭೆಯಲ್ಲಿದ್ದರು. ರೆಡ್ಡಿಯವರು 1947ರ ಅಕ್ಟೋಬರ್‌ನಿಂದ 1952ರ ಮಾರ್ಚ್‌ವರೆಗೆ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾಗಿದ್ದವರು.

ಇಬ್ಬರು ಸದಸ್ಯರ ಕ್ಷೇತ್ರ

1951-52ರ ಪ್ರಥಮ ಮಹಾಚುನಾವಣೆಯಲ್ಲಿ ಕೋಲಾರವು ದ್ವಿಸದಸ್ಯ ಕ್ಷೇತ್ರವಾಗಿದ್ದಿತು. ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿಯವರಿಗೆ ಮೀಸಲು. ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳು; ಆದರೆ ಎರಡನ್ನೂ ಒಬ್ಬನೇ ಅಭ್ಯರ್ಥಿಗೆ ನೀಡುವಂತಿರಲಿಲ್ಲ. ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳನ್ನಿರಿಸಿ, ಅವುಗಳ ಮೇಲೆ ಚಿಹ್ನೆಗಳನ್ನು ಅಂಟಿಸಲಾಗುತ್ತಿತ್ತು. ಅಕ್ಷರ ಬಾರದ ಮತದಾರನು ಚಿಹ್ನೆಯನ್ನು ಗುರುತಿಸಿ ಆ ಪೆಟ್ಟಿಗೆಗೆ ಮತಪತ್ರವನ್ನು ಹಾಕಬೇಕಾಗಿತ್ತು. ಕಾಂಗ್ರೆಸ್ಸಿನ ಅಂದಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಬೇಸಾಯದ ಸೀಮೆಯಲ್ಲಿ ಇದಕ್ಕಿಂತ ಪರಿಚಿತವಾದ ಚಿತ್ರ ಬೇರೊಂದಿರಲಾರದು.

ಆ ಚುನಾವಣೆಯಲ್ಲಿ ಎಂ.ವಿ. ಕೃಷ್ಣಪ್ಪನವರೂ ದೊಡ್ಡತಿಮ್ಮಯ್ಯನವರೂ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. ಕೃಷ್ಣಪ್ಪನವರು ಮುಂದೆ ನೆಹರೂ ಸರಕಾರದಲ್ಲಿ ಕೃಷಿ ಖಾತೆಯ ಉಪಮಂತ್ರಿಗಳಾದರು. ಕೋಲಾರ ಸೀಮೆಯಲ್ಲಿ ಹೈನುಗಾರಿಕೆಯು ಬೇರೂರಿದ ಕಥೆಯಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. 1957ರಲ್ಲಿ ಕೆ.ಸಿ. ರೆಡ್ಡಿಯವರೂ ದೊಡ್ಡತಿಮ್ಮಯ್ಯನವರೂ ಇದೇ ಕ್ಷೇತ್ರದಿಂದ ಗೆದ್ದರು. ರೆಡ್ಡಿಯವರು ಕೇಂದ್ರ ಮಂತ್ರಿಮಂಡಲದಲ್ಲಿ ಸೇವೆ ಸಲ್ಲಿಸಿ, ತರುವಾಯ ಮಧ್ಯಪ್ರದೇಶದ ರಾಜ್ಯಪಾಲರಾದರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಬ್ರಿಟನ್ನಿನಲ್ಲಿಯೂ ಅನೇಕ ನಗರ ಕ್ಷೇತ್ರಗಳು ಬಹುಕಾಲ ಇಬ್ಬಿಬ್ಬರು ಸದಸ್ಯರನ್ನು ಪಾರ್ಲಿಮೆಂಟಿಗೆ ಕಳುಹಿಸುತ್ತಿದ್ದವು. 1948ರ ಶಾಸನದಿಂದ ಆ ಪದ್ಧತಿಯು ರದ್ದಾಗಿ, 1950ರ ಚುನಾವಣೆಯಿಂದ ಎಲ್ಲ ಕ್ಷೇತ್ರಗಳೂ ಏಕಸದಸ್ಯವಾದವು. ಅಲ್ಲಿ ಕೈಬಿಟ್ಟ ಕ್ರಮವನ್ನು ಇಲ್ಲಿ ಬೇರೊಂದು ಉದ್ದೇಶಕ್ಕಾಗಿ, ಎಂದರೆ ದಲಿತ ವರ್ಗಕ್ಕೆ ನಿಶ್ಚಿತ ಪ್ರಾತಿನಿಧ್ಯವನ್ನು ದೊರಕಿಸುವುದಕ್ಕಾಗಿ, ಕೈಗೆತ್ತಿಕೊಳ್ಳಲಾಯಿತು. ಆದರೆ ಕ್ಷೇತ್ರಗಳು ವಿಪರೀತ ವಿಸ್ತಾರವಾದುವು, ಚುನಾವಣಾ ವೆಚ್ಚ ಹೆಚ್ಚಿತು ಎಂಬ ಆಕ್ಷೇಪಣೆಗಳು ಬಂದು, 1961ರ ಶಾಸನದಿಂದ ಭಾರತದಲ್ಲಿಯೂ ದ್ವಿಸದಸ್ಯ ಕ್ಷೇತ್ರಗಳು ಕೊನೆಗೊಂಡವು. 1962ರಿಂದ ಕೋಲಾರವು ಪರಿಶಿಷ್ಟ ಜಾತಿಗೆ ಮೀಸಲಾದ ಏಕಸದಸ್ಯ ಕ್ಷೇತ್ರವಾಯಿತು. ಆ ವರ್ಷ ದೊಡ್ಡತಿಮ್ಮಯ್ಯನವರು ಮೂರನೆಯ ಬಾರಿ ಗೆದ್ದರು.

ಕಾಂಗ್ರೆಸ್ಸಿನ ಭದ್ರಕೋಟೆ

1967, 1971, 1977 ಮತ್ತು 1980ರ ನಾಲ್ಕು ಚುನಾವಣೆಗಳಲ್ಲಿಯೂ ಜಿ.ವೈ. ಕೃಷ್ಣನ್ ಅವರೇ ಆಯ್ಕೆಯಾದರು. ಇವುಗಳಲ್ಲಿ 1977ರ ಫಲಿತಾಂಶವು ವಿಶೇಷ ಗಮನಕ್ಕೆ ಅರ್ಹವಾದುದು. ತುರ್ತುಪರಿಸ್ಥಿತಿಯ ತರುವಾಯ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೇ ಲಭಿಸಿದವು. ದೇವರಾಜ ಅರಸರ ಕಾಲದ ಭೂಸುಧಾರಣೆ, ಹಿಂದುಳಿದ ವರ್ಗಗಳ ಏಳಿಗೆಯ ಕಾರ್ಯಕ್ರಮಗಳು ಇದಕ್ಕೆ ಮುಖ್ಯ ಕಾರಣವೆಂದು ವಿಶ್ಲೇಷಕರು ಹೇಳುತ್ತ ಬಂದಿದ್ದಾರೆ. ಗೇಣಿದಾರರೂ ಕೃಷಿಕೂಲಿಗಳೂ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಈ ಕಾರಣಕ್ಕೆ ತೂಕವಿರುವುದು ಸಹಜ.

ಭದ್ರಕೋಟೆಯ ಗೋಡೆ ಮೊದಲು ಬಿರುಕು ಬಿಟ್ಟದ್ದು 1984ರಲ್ಲಿ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರವು ರಚಿತವಾಗಿತ್ತು. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಿಗೇ ನಡೆದ 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ 24 ಸ್ಥಾನಗಳು ದೊರೆತವು. ಉಳಿದ ನಾಲ್ಕರಲ್ಲಿ ಕೋಲಾರವೂ ಒಂದು. ಜನತಾ ಪಕ್ಷದ ವಿ. ವೆಂಕಟೇಶ್ ಗೆದ್ದರು. ದೇಶವೆಲ್ಲ ಒಂದು ದಿಕ್ಕಿಗೆ ವಾಲಿದಾಗ ಕೋಲಾರವು ಇನ್ನೊಂದು ದಿಕ್ಕಿಗೆ ನಿಂತಿತೆಂಬುದು ಇಲ್ಲಿಯ ಮತದಾರನ ಸ್ವತಂತ್ರ ಬುದ್ಧಿಗೆ ಸಾಕ್ಷಿಯಾಗಿದೆ. 1989ರಲ್ಲಿ, ಹದಿನೆಂಟು ತುಂಬಿದವರಿಗೂ ಮತದ ಹಕ್ಕು ದೊರೆತ ಪ್ರಥಮ ಲೋಕಸಭಾ ಚುನಾವಣೆಯಲ್ಲಿ, ಕಾಂಗ್ರೆಸ್ಸಿನ ವೈ. ರಾಮಕೃಷ್ಣ ಆಯ್ಕೆಯಾದರು.

ಇಪ್ಪತ್ತೆಂಟು ವರ್ಷಗಳ ಒಂದೇ ಹೆಸರು

1991ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಕೆ.ಎಚ್. ಮುನಿಯಪ್ಪನವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ಅನಂತರ 1996, 1998, 1999, 2004, 2009, 2014 ಹೀಗೆ ಸತತವಾಗಿ ಏಳು ಬಾರಿ ಅವರೇ ಆಯ್ಕೆಯಾದರು. ಮನಮೋಹನ ಸಿಂಗ್ ಅವರ ಮಂತ್ರಿಮಂಡಲದಲ್ಲಿ ರೈಲ್ವೆ ಮುಂತಾದ ಖಾತೆಗಳಲ್ಲಿ ಕಾರ್ಯನಿರ್ವಹಿಸಿದರು. ಆದರೆ ಗೆಲುವುಗಳೆಲ್ಲ ಸುಲಭವಾಗಿರಲಿಲ್ಲ. 2009ರಲ್ಲಿ ಅಂತರ ಸುಮಾರು 23 ಸಾವಿರ. 2014ರಲ್ಲಿ ಸುಮಾರು 48 ಸಾವಿರ.

2019ರಲ್ಲಿ ಕಾಂಗ್ರೆಸ್ಸು ಮತ್ತು ಜನತಾದಳಗಳು ಕೈಜೋಡಿಸಿದ್ದರೂ ಭಾರತೀಯ ಜನತಾ ಪಕ್ಷದ ಎಸ್. ಮುನಿಸ್ವಾಮಿ 2 ಲಕ್ಷ 10 ಸಾವಿರ ಮತಗಳ ಅಂತರದಿಂದ ಮುನಿಯಪ್ಪನವರನ್ನು ಸೋಲಿಸಿದರು. ದೇಶದಲ್ಲಿ ಬೀಸಿದ ಅಲೆ ಒಂದು ಕಾರಣ. ಕಾಂಗ್ರೆಸ್ಸಿನ ಒಳಗಿನ ಬಣಭೇದ ಮತ್ತೊಂದು. ಅದೇ ಚುನಾವಣೆಯ ಪ್ರಚಾರಕ್ಕೆಂದು ಕೋಲಾರಕ್ಕೆ ಬಂದ ರಾಹುಲ್ ಗಾಂಧಿಯವರು ಏಪ್ರಿಲ್ 13ರಂದು ಆಡಿದ ಮಾತೊಂದು ಗುಜರಾತಿನ ಸೂರತ್ ನ್ಯಾಯಾಲಯದಲ್ಲಿ ಮಾನಹಾನಿಯ ಮೊಕದ್ದಮೆಯಾಗಿ, 2023ರ ಮಾರ್ಚ್‌ನಲ್ಲಿ ಅವರ ಲೋಕಸಭಾ ಸದಸ್ಯತ್ವವನ್ನೇ ಕಳೆಯಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಗೆ ತಡೆಯಾಜ್ಞೆ ನೀಡಿದ ಮೇಲೆ ಅದು ಮರಳಿ ದೊರೆಯಿತು. ಹೀಗೆ ಕೋಲಾರದ ವೇದಿಕೆಯ ಮಾತು ದೇಶದ ಸುದ್ದಿಯಾಯಿತು.

2024ರಲ್ಲಿ ಮೈತ್ರಿಯ ಲೆಕ್ಕ ತಿರುವುಮುರುವಾಯಿತು. ಈ ಬಾರಿ ಜನತಾದಳವು ಭಾರತೀಯ ಜನತಾ ಪಕ್ಷದ ಜೊತೆಗಿತ್ತು. ಬಂಗಾರಪೇಟೆಯ ವಿಧಾನಸಭಾ ಕ್ಷೇತ್ರದಲ್ಲಿ ಹಿಂದೆ ಸೋತಿದ್ದ ಎಂ. ಮಲ್ಲೇಶ್ ಬಾಬು ಅವರು ಕಾಂಗ್ರೆಸ್ಸಿನ ಕೆ.ವಿ. ಗೌತಮ್ ಅವರನ್ನು 71 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮತದಾನದ ಪ್ರಮಾಣ ಶೇಕಡ 78ನ್ನು ಮೀರಿತ್ತು.

ತಾಲ್ಲೂಕುಗಳ ಬೇರೆ ಬೇರೆ ಮನೋಧರ್ಮ

2008ರ ಪುನರ್ವಿಂಗಡಣೆಯಲ್ಲಿ ವೇಮಗಲ್ ಹಾಗೂ ಬೇತಮಂಗಲ ವಿಧಾನಸಭಾ ಕ್ಷೇತ್ರಗಳು ಅಳಿದವು. ಆ ಬಳಿಕ ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೋಲಾರ ಚಿನ್ನದ ಗಣಿ, ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಶಿಡ್ಲಘಟ್ಟ, ಚಿಂತಾಮಣಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿವೆ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಗಡಿಸೀಮೆಯಲ್ಲಿ ಪ್ರತಿಯೊಂದು ತಾಲ್ಲೂಕಿಗೂ ತನ್ನದೇ ಆದ ರಾಜಕೀಯ ಸ್ವಭಾವವುಂಟು.

ಶ್ರೀನಿವಾಸಪುರದ ಕಥೆ ರಾಜ್ಯದಲ್ಲಿಯೇ ಅಪೂರ್ವವಾದುದು. 1978ರಲ್ಲಿ ಕೆ.ಆರ್. ರಮೇಶ್ ಕುಮಾರ್, 1983ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ, 1985ರಲ್ಲಿ ಪುನಃ ಮೊದಲಿನವರು, 1989ರಲ್ಲಿ ಪುನಃ ಎರಡನೆಯವರು. ಹೀಗೆಯೇ 1994, 1999, 2004, 2008, 2013ರವರೆಗೂ ಸರದಿ ತಪ್ಪದೆ ನಡೆಯಿತು. 2018ರಲ್ಲಿ ರಮೇಶ್ ಕುಮಾರ್ ಮತ್ತೆ ಗೆದ್ದಾಗ ಸರದಿ ಮುರಿಯಿತು. 2023ರಲ್ಲಿ ವೆಂಕಟಶಿವಾರೆಡ್ಡಿಯವರು ಜಯಿಸಿದರು. ಪಕ್ಷಗಳು ಬದಲಾದುವು, ಸರಕಾರಗಳು ಬದಲಾದುವು, ಎದುರಾಳಿಗಳು ಬದಲಾಗಲಿಲ್ಲ. ರಮೇಶ್ ಕುಮಾರ್ ಅವರು ಎರಡು ಬಾರಿ ವಿಧಾನಸಭೆಯ ಅಧ್ಯಕ್ಷರೂ ಆದರು. ಯಾರಿಗೂ ಶಾಶ್ವತವಾದ ಪೀಠವನ್ನು ಕೊಡದೆ, ಯಾರನ್ನೂ ಶಾಶ್ವತವಾಗಿ ದೂರವಿಡದೆ ನಡೆದುಕೊಂಡದ್ದು ಅಲ್ಲಿಯ ಮತದಾರನ ವೈಶಿಷ್ಟ್ಯ.

ಮುಳಬಾಗಿಲು 2008ರಲ್ಲಿ ಮೀಸಲು ಕ್ಷೇತ್ರವಾಯಿತು. 2013ರಲ್ಲಿ ಕೊತ್ತೂರು ಜಿ. ಮಂಜುನಾಥ್, 2018ರಲ್ಲಿ ಎಚ್. ನಾಗೇಶ್, ಇಬ್ಬರೂ ಪಕ್ಷೇತರರಾಗಿ ಗೆದ್ದರು. ಎರಡರ ನಡುವೆ ಜಾತಿ ಪ್ರಮಾಣಪತ್ರದ ವಿವಾದವು ನ್ಯಾಯಾಲಯಕ್ಕೆ ಹೋಗಿ, 2018ರಲ್ಲಿ ಮಂಜುನಾಥ್ ಅವರ ನಾಮಪತ್ರವು ತಿರಸ್ಕೃತವಾಗಿತ್ತು. 2023ರಲ್ಲಿ ಅವರು ಸಾಮಾನ್ಯ ಕ್ಷೇತ್ರವಾದ ಕೋಲಾರದಿಂದ ಆಯ್ಕೆಯಾದರು. ಕೋಲಾರ ವಿಧಾನಸಭಾ ಕ್ಷೇತ್ರದಲ್ಲಿಯೂ 2008 ಮತ್ತು 2013ರಲ್ಲಿ ವರ್ತೂರು ಪ್ರಕಾಶ್ ಪಕ್ಷೇತರರಾಗಿಯೇ ಗೆದ್ದಿದ್ದರು. ಆದರೆ ಲೋಕಸಭೆಗೆ ಪಕ್ಷೇತರನೊಬ್ಬನೂ ಇಲ್ಲಿಂದ ಆಯ್ಕೆಯಾಗಿಲ್ಲ. ವಿಧಾನಸಭೆಗೆ ವ್ಯಕ್ತಿಯನ್ನೂ ಲೋಕಸಭೆಗೆ ಪಕ್ಷವನ್ನೂ ನೋಡಿ ಮತ ಹಾಕುವ ವಿವೇಚನೆಯನ್ನು ಇದರಲ್ಲಿ ಕಾಣಬಹುದು.

ಚಿನ್ನದ ಗಣಿ ಪ್ರದೇಶದ್ದು ನಗರ ಕ್ಷೇತ್ರದ ಚರಿತ್ರೆ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಆರಂಭಿಸಿದ ಗಣಿಗಳಲ್ಲಿ ದುಡಿಯಲು ಬಂದವರಲ್ಲಿ ತಮಿಳು ದಲಿತ ಕಾರ್ಮಿಕರು ಬಹುಸಂಖ್ಯಾತರು. ಇಂಗ್ಲೆಂಡಿನ ಗಣಿ ಪಟ್ಟಣಗಳಲ್ಲಿ ಕಾರ್ಮಿಕ ಸಂಘವೇ ರಾಜಕೀಯದ ತವರಾದಂತೆ ಇಲ್ಲಿಯೂ ಆಯಿತು. 1957ರಲ್ಲಿ ಕಮ್ಯುನಿಸ್ಟ್ ಪಕ್ಷದ ಎಂ.ಸಿ. ನರಸಿಂಹನ್ ಗೆದ್ದರು, ಮುಂದೆ ಅಂಬೇಡ್ಕರ್ ಅವರ ಆಶಯದ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ, ಎಸ್. ರಾಜೇಂದ್ರನ್, ಅಣ್ಣಾ ದ್ರಾವಿಡ ಮುನ್ನೇತ್ರ ಕಳಗದ ಎಂ. ಭಕ್ತವತ್ಸಲಂ ಪ್ರತಿನಿಧಿಗಳಾದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಸಂಘದ ಬಲ ಕುಂದಿತು. 2008ರಿಂದೀಚೆಗೆ ಅಲ್ಲಿ ಗೆದ್ದದ್ದು ಭಾರತೀಯ ಜನತಾ ಪಕ್ಷ ಹಾಗೂ ಕಾಂಗ್ರೆಸ್ಸುಗಳೇ. ಉದ್ಯೋಗವು ಹೋದ ಮೇಲೆ ಆ ಉದ್ಯೋಗದಿಂದ ಹುಟ್ಟಿದ ರಾಜಕೀಯವೂ ಉಳಿಯಲಿಲ್ಲ.

ನೀರಿನ ಪ್ರಶ್ನೆ

ಅಭ್ಯರ್ಥಿಗಳು ಯಾರೇ ಆಗಲಿ, ಈ ಸೀಮೆಯ ಚುನಾವಣೆಗಳಲ್ಲಿ ತಪ್ಪದೆ ಕೇಳಿಬಂದ ಮಾತು ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿಗೆ ಪೂರ್ವಿಕರು ಕಟ್ಟಿಸಿದ ಕೆರೆಗಳೇ ಆಧಾರ. ಕೆರೆಗಳು ಹೂಳು ತುಂಬಿ ಕೊಳವೆಬಾವಿಗಳು ಪಾತಾಳಕ್ಕಿಳಿದಾಗ ಜನರ ಬವಣೆ ಹೇಳತೀರದಾಯಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯಜಲವನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯು ಆರಂಭವಾಯಿತು. ಒಣಗಿದ ಕೆರೆಗಳು ತುಂಬಿದವು. ಅಂತರ್ಜಲ ಏರಿತೆಂದು ಸಂತೋಷಿಸಿದವರೂ ಉಂಟು, ನೀರಿನ ಶುದ್ಧಿಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವರೂ ಉಂಟು. ಎತ್ತಿನಹೊಳೆಯ ನೀರಿನ ಭರವಸೆಯಾದರೋ ಅನೇಕ ಚುನಾವಣೆಗಳನ್ನು ಕಂಡಿದೆ.

ಒಂದು ಮತದ ಬೆಲೆ

ಲಕ್ಷಗಟ್ಟಲೆ ಮತಗಳ ಈ ಲೆಕ್ಕದಲ್ಲಿ ತನ್ನ ಒಂದು ಮತಕ್ಕೆ ಏನು ಬೆಲೆ ಎಂದು ಕೇಳುವವನಿಗೆ ಮಾಲೂರು ಉತ್ತರವನ್ನು ಕೊಡುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು ಗೆದ್ದದ್ದು ಕೇವಲ 248 ಮತಗಳಿಂದ. ಸೋತ ಅಭ್ಯರ್ಥಿ ಕೆ.ಎಸ್. ಮಂಜುನಾಥಗೌಡರು ಎಣಿಕೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು. ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಯ್ಕೆ ರದ್ದತಿಗೆ ತಡೆ ನೀಡಿ, ಮರುಎಣಿಕೆಗೆ ಅನುಮತಿಯಿತ್ತಿತು. 248 ಎಂದರೆ ಒಂದು ಸಾಧಾರಣ ಪ್ರೌಢಶಾಲೆಯ ವಿದ್ಯಾರ್ಥಿಗಳ ಸಂಖ್ಯೆ. ಅಷ್ಟು ಮಂದಿಯ ತೀರ್ಮಾನವನ್ನು ಸರಿಯಾಗಿ ಅರಿಯಲು ದೇಶದ ಅತ್ಯುನ್ನತ ನ್ಯಾಯಪೀಠವೂ ಸಮಯ ವ್ಯಯಿಸಬೇಕಾಯಿತು.

ಚಿಹ್ನೆಯ ಪೆಟ್ಟಿಗೆಯಿಂದ ಮುದ್ರೆಯೊತ್ತುವ ಮತಪತ್ರಕ್ಕೆ, ಅಲ್ಲಿಂದ 2004ರ ಹೊತ್ತಿಗೆ ವಿದ್ಯುನ್ಮಾನ ಯಂತ್ರಕ್ಕೆ ಮತದಾನದ ಸಾಧನಗಳು ಬದಲಾಗುತ್ತ ಬಂದಿವೆ. ಬದಲಾಗದೆ ಉಳಿದಿರುವುವು ಎರಡು: ಮತದಾರನ ಬೆರಳಿನ ಶಾಯಿಯ ಗುರುತು, ಮತ್ತು ಆ ಶಾಯಿಯನ್ನು ಹಚ್ಚಲು ಹಿಂದಿನ ದಿನವೇ ಪೆಟ್ಟಿಗೆಯೊಡನೆ ಹಳ್ಳಿಯ ಶಾಲೆಯನ್ನು ತಲುಪಿ, ಕಪ್ಪುಹಲಗೆಯ ಕೆಳಗೆ ರಾತ್ರಿ ಕಳೆಯುವ ಉಪಾಧ್ಯಾಯ. ಪ್ರಜಾಪ್ರಭುತ್ವವನ್ನು ಪಾಠವಾಗಿ ಬೋಧಿಸುವವರೂ ಅವರೇ. ಅದನ್ನು ಆ ಒಂದು ದಿನ ಕೈಯಾರೆ ನಡೆಸುವವರೂ ಅವರೇ. ಕೋಲಾರದ ಏಳು ದಶಕಗಳ ಚುನಾವಣಾ ಚರಿತ್ರೆಯು ಗೆದ್ದವರಿಗೂ ಸೋತವರಿಗೂ ಎಷ್ಟು ಸೇರಿದುದೋ, ಈ ಹೆಸರಿಲ್ಲದ ಸೇವಕರಿಗೂ ಅಷ್ಟೇ ಸೇರಿದುದಾಗಿದೆ.